ರೋಟರಿ ವೇನ್ ವ್ಯಾಕ್ಯೂಮ್ ಪಂಪ್ 3,000 ಮೈಕ್ರಾನ್‌ಗಿಂತ ಕೆಳಗಿಳಿಯುತ್ತಿಲ್ಲ: ಬಿಚ್ಚಿ ನೋಡಬೇಕೇ?

ಪ್ರಶ್ನೆ

ಮರದ ತುಂಡುಗಳಿಗೆ ರಾಳ ಹೀರಿಸುವ ಕೆಲಸಕ್ಕೆ ಕಡಿಮೆ ಬೆಲೆಯ, ಎರಡು ಹಂತದ ಪಂಪೊಂದನ್ನು ಒಂದೂವರೆ ವರ್ಷದಿಂದ ಬಳಸುತ್ತಿದ್ದೇನೆ. ಹೊಸದರಲ್ಲಿ ಖಾಲಿ ಪಾತ್ರೆಯನ್ನು ಹತ್ತು ನಿಮಿಷದೊಳಗೆ 100 ಮೈಕ್ರಾನ್ ಆಸುಪಾಸಿಗೆ ಇಳಿಸುತ್ತಿತ್ತು (ಇಲ್ಲಿ ಮೈಕ್ರಾನ್ ಎಂದರೆ ಒತ್ತಡದ ಅಳತೆ; ಅಂಕಿ ಕಡಿಮೆಯಾದಷ್ಟೂ ನಿರ್ವಾತ ಉತ್ತಮ). ಈಗ ಅರ್ಧ ಗಂಟೆ ಓಡಿಸಿದರೂ ಗೇಜ್ 3,000ದ ಬಳಿಯೇ ನಿಲ್ಲುತ್ತದೆ. ಎಣ್ಣೆಯ ಮಟ್ಟ ತೋರಿಸುವ ಗಾಜಿನಲ್ಲಿ ಎಣ್ಣೆ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದೆ. ಮೊದಲು ಒತ್ತಡ ತೀರಾ ಇಳಿದಾಗ ಕೇಳಿಸುತ್ತಿದ್ದ ಟಕಟಕ ಸದ್ದು ಕೂಡ ನಿಂತುಹೋಗಿದೆ. ಎಲ್ಲ ಜೋಡಣೆಗಳನ್ನೂ ಬಿಗಿ ಮಾಡಿ ನೋಡಿದ್ದೇನೆ. ಒಳಗಿನ ವೇನ್‌ಗಳು (ತಿರುಗುವ ಭಾಗದ ಸೀಳುಗಳಲ್ಲಿ ಜಾರುವ ಪಟ್ಟಿಗಳು) ಸವೆದಿರಬಹುದೆಂಬ ಅನುಮಾನದಿಂದ ಪಂಪನ್ನು ಬಿಚ್ಚಬೇಕೆಂದಿದ್ದೇನೆ. ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ 1

ದಯವಿಟ್ಟು ಈಗಲೇ ಬಿಚ್ಚಬೇಡಿ. ನೀವು ಹೇಳಿದ ಬಿಳಿ ಬಣ್ಣವೇ ಮುಕ್ಕಾಲು ಉತ್ತರವನ್ನು ಕೊಟ್ಟಿದೆ: ಎಣ್ಣೆಯಲ್ಲಿ ನೀರು ಸೇರಿದೆ. ಪೂರ್ತಿ ಒಣಗದ ಮರದಿಂದ ಹೊರಟ ನೀರಿನ ಆವಿ ಪಂಪಿನೊಳಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿದಾಗ, ಹೊರಬಿಡುವ ಕವಾಟ ತೆರೆದುಕೊಳ್ಳುವ ಮೊದಲೇ ನೀರಾಗಿ ಎಣ್ಣೆಯಲ್ಲಿ ಬೆರೆಯುತ್ತದೆ. ಆ ಎಣ್ಣೆ ಸುತ್ತಿಬಂದು ಹೀರುವ ಬದಿಯನ್ನು ತಲುಪಿದಾಗ ನೀರು ಮತ್ತೆ ಆವಿಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಆವಿಯೊತ್ತಡವೇ ಸುಮಾರು 17,500 ಮೈಕ್ರಾನ್. ಹೀಗಾಗಿ ಪಂಪ್ ತನ್ನೊಳಗಿನ ನೀರನ್ನೇ ಮತ್ತೆ ಮತ್ತೆ ಎಳೆಯುತ್ತಾ ದಣಿಯುತ್ತದೆ, ಪಾತ್ರೆಯ ಒತ್ತಡ ಇಳಿಯುವುದಿಲ್ಲ.

ನಿಮ್ಮ ಪಂಪಿನಲ್ಲಿ ಗ್ಯಾಸ್ ಬ್ಯಾಲಸ್ಟ್ ತಿರುಪು ಇದ್ದರೆ ಅದನ್ನು ತೆರೆದು, ಹೀರುವ ಬಾಯಿಯನ್ನು ಮುಚ್ಚಿ, ಇಪ್ಪತ್ತು ನಿಮಿಷ ಓಡಿಸಿ. ಆ ತಿರುಪು ಸ್ವಲ್ಪ ಹೊರಗಾಳಿಯನ್ನು ಒಳಬಿಡುವುದರಿಂದ ಕವಾಟ ಬೇಗ ತೆರೆದುಕೊಂಡು ಆವಿ ನೀರಾಗದೆಯೇ ಹೊರಹೋಗುತ್ತದೆ. ಬಳಿಕ ಪಂಪನ್ನು ನಿಲ್ಲಿಸಿ, ಬಿಸಿಯಿರುವಾಗಲೇ ಎಣ್ಣೆಯನ್ನು ಬಸಿದು, ಪಂಪನ್ನು ವಾಲಿಸಿ ತಳದಲ್ಲಿ ಉಳಿದದ್ದನ್ನೂ ತೆಗೆಯಿರಿ. ಹೊಸ ಎಣ್ಣೆ ಹಾಕಿ ಐದು ನಿಮಿಷ ಓಡಿಸಿ ಮತ್ತೆ ಬಸಿಯಿರಿ. ಒಂದೇ ಸಲಕ್ಕೆ ಶುದ್ಧವಾಗುವುದಿಲ್ಲ. ಬಸಿದ ಎಣ್ಣೆ ತಿಳಿಯಾಗಿ ಬರುವವರೆಗೂ ಇದನ್ನು ಮಾಡಬೇಕು. ವ್ಯಾಕ್ಯೂಮ್ ಪಂಪಿನ ಎಣ್ಣೆಯನ್ನೇ ಬಳಸಿ. ವಾಹನದ ಎಂಜಿನ್ ಎಣ್ಣೆಯಲ್ಲಿರುವ ಸೇರಿಕೆಗಳು ಕಡಿಮೆ ಒತ್ತಡದಲ್ಲಿ ತಾವೇ ಆವಿಯಾಗುತ್ತವೆ.

ಆಮೇಲೆ ಪಾತ್ರೆಯನ್ನೂ ಕೊಳವೆಯನ್ನೂ ಕಳಚಿಟ್ಟು, ಗೇಜನ್ನು ನೇರವಾಗಿ ಪಂಪಿನ ಬಾಯಿಗೆ ಜೋಡಿಸಿ ಅಳೆಯಿರಿ. ಈ ಒಂದು ಅಳತೆಯಿಲ್ಲದೆ ದೋಷ ಪಂಪಿನದೋ ಪಾತ್ರೆಯದೋ ಎಂದು ಯಾರೂ ಹೇಳಲಾರರು.

ಉತ್ತರ 2

ಮೇಲಿನ ಮಾತಿಗೆ ನನ್ನ ಸಮ್ಮತಿಯಿದೆ. ಆ ಟಕಟಕ ಸದ್ದಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅನೇಕರು ಅದನ್ನು ದೋಷವೆಂದು ಭಾವಿಸುತ್ತಾರೆ. ಒಳಗೆ ಗಾಳಿ ಬಹುತೇಕ ಇಲ್ಲದಾದಾಗ ಎಣ್ಣೆಯ ಬಡಿತವನ್ನು ಮೆತ್ತಗಾಗಿಸಲು ಏನೂ ಉಳಿಯುವುದಿಲ್ಲ, ಆದ್ದರಿಂದ ಸದ್ದು ಗಡುಸಾಗುತ್ತದೆ. ಅದು ಒಳ್ಳೆಯ ನಿರ್ವಾತದ ಗುರುತು. ನಿಮ್ಮಲ್ಲಿ ಅದು ನಿಂತಿರುವುದು ಎಲ್ಲಿಂದಲೋ ಗಾಳಿಯೋ ಆವಿಯೋ ಬರುತ್ತಲೇ ಇದೆ ಎಂಬುದನ್ನು ಸೂಚಿಸುತ್ತದೆ.

ಪಂಪ್ ಒಂದೇ ಇದ್ದಾಗ ಗೇಜ್ ಚೆನ್ನಾಗಿ ಇಳಿದರೆ, ಪಾತ್ರೆಯನ್ನು ಮತ್ತೆ ಜೋಡಿಸಿ ಒತ್ತಡ ಇಳಿಸಿ, ನಡುವಿನ ಕವಾಟವನ್ನು ಮುಚ್ಚಿ, ಪಾತ್ರೆಯ ಬದಿಯ ಗೇಜನ್ನು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಳ್ಳಿ. ಅಂಕಿ ಒಂದೇ ವೇಗದಲ್ಲಿ ಏರುತ್ತಲೇ ಹೋದರೆ ಸೋರಿಕೆಯಿದೆ. ಏರಿ ಏರಿ ಒಂದು ಮಟ್ಟದಲ್ಲಿ ನಿಂತರೆ ತೇವ ಉಳಿದಿದೆ. ಗೇಜಿನ ಸಂವೇದಕಕ್ಕೆ ಎಣ್ಣೆ ತಗುಲಿದ್ದರೂ ಅಂಕಿ ತಪ್ಪಾಗಿ ಬರುತ್ತದೆ. ಹಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಒಳಗೆ ಹನಿಸಿ, ಮೆಲ್ಲಗೆ ಅಲುಗಾಡಿಸಿ ಸುರಿದುಬಿಡಿ, ಪೂರ್ತಿ ಒಣಗಲು ಬಿಡಿ. ಕಡ್ಡಿಯನ್ನಾಗಲಿ ಹತ್ತಿಯನ್ನಾಗಲಿ ಒಳಗೆ ತೂರಿಸಬೇಡಿ, ತಂತಿ ಬಹಳ ನಾಜೂಕಾಗಿರುತ್ತದೆ.

ಉತ್ತರ 3

ನಾನೂ ಇದೇ ಕೆಲಸ ಮಾಡುವವನು, ಒಮ್ಮೆ ಅನಿವಾರ್ಯವಾಗಿ ಪಂಪನ್ನು ಬಿಚ್ಚಿದ್ದೇನೆ. ನೊರೆಯೆದ್ದ ರಾಳ ಕೊಳವೆಯ ಮೂಲಕ ಒಳಗೆ ಹೋಗಿ, ಒಂದು ವೇನ್ ತನ್ನ ಸೀಳಿನಲ್ಲೇ ಅಂಟಿಕೊಂಡಿತ್ತು. ಎಣ್ಣೆಯನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಹೊರಬಿಡುವ ಕವಾಟದ ತೆಳುಪಟ್ಟಿಯ ಕೆಳಗೂ ಜಿಡ್ಡು ಕಟ್ಟಿ ಅದು ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ನಿಮಗೂ ಬಿಚ್ಚುವ ಸ್ಥಿತಿ ಬಂದರೆ, ವಿದ್ಯುತ್ ಸಂಪರ್ಕ ಕಳಚಿದ ಮೇಲೆ, ಪ್ರತಿ ಹೆಜ್ಜೆಗೂ ಚಿತ್ರ ತೆಗೆದುಕೊಳ್ಳಿ. ಯಾವ ವೇನ್ ಯಾವ ಸೀಳಿನಲ್ಲಿ, ಯಾವ ಅಂಚು ಹೊರಮುಖವಾಗಿ ಇತ್ತೆಂದು ಗುರುತಿಸಿಕೊಳ್ಳಿ, ಏಕೆಂದರೆ ಸಿಲಿಂಡರಿನ ಗೋಡೆಗೆ ಉಜ್ಜಿ ಹೊಂದಿಕೊಂಡ ಅಂಚು ಅದೇ ಕಡೆಗೆ ಕೂರಬೇಕು. ಲೋಹದ ಮುಖಗಳಿಗೆ ಉಪ್ಪುಕಾಗದ ಮುಟ್ಟಿಸಬೇಡಿ. ಅಲ್ಲಿರುವ ಸಂದು ಅತಿ ಸಣ್ಣದು, ಅದನ್ನು ಮುಚ್ಚುವುದು ಎಣ್ಣೆಯ ಪದರ ಮಾತ್ರ.

ಅಂದಿನಿಂದ ಪಾತ್ರೆಗೂ ಪಂಪಿಗೂ ನಡುವೆ ನೊರೆಯನ್ನು ತಡೆಹಿಡಿಯುವ ಖಾಲಿ ಸೀಸೆಯೊಂದನ್ನು ಇಟ್ಟಿದ್ದೇನೆ. ನಿಲ್ಲಿಸುವಾಗ ಮೊದಲು ಪಾತ್ರೆಯ ಕವಾಟವನ್ನು ಮುಚ್ಚಿ, ಪಂಪಿನ ಬದಿಗೆ ಗಾಳಿ ಬಿಟ್ಟು, ಆಮೇಲೆ ಸ್ವಿಚ್ ಆರಿಸುತ್ತೇನೆ. ಹಾಗೆ ಮಾಡದಿದ್ದರೆ, ಹಿಮ್ಮುಖ ಹರಿವನ್ನು ತಡೆಯುವ ಕವಾಟವಿಲ್ಲದ ಅಗ್ಗದ ಪಂಪುಗಳಲ್ಲಿ ಎಣ್ಣೆ ಕೊಳವೆಯೊಳಕ್ಕೆ ಏರಿಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮೂರು ಸಲ ಎಣ್ಣೆ ಬದಲಿಸಿದ ಮೇಲೆ ಪಂಪ್ ಒಂದೇ ಇದ್ದಾಗ 70 ಮೈಕ್ರಾನ್‌ಗೆ ಇಳಿಯಿತು, ಟಕಟಕ ಸದ್ದೂ ಮರಳಿತು. ಆದರೆ ಪಾತ್ರೆಯನ್ನು ಜೋಡಿಸಿದಾಗ 900ರ ಕೆಳಗೆ ಹೋಗಲಿಲ್ಲ, ಕವಾಟ ಮುಚ್ಚಿದರೆ ಅಂಕಿ ನಿಲ್ಲದೆ ಏರುತ್ತಿತ್ತು. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಮೇಲೆ ಗಟ್ಟಿಯಾದ ರಾಳದ ಒಂದು ಕಣ ಕೂತಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದು ಒರೆಸಿದ ಮೇಲೆ ಪಾತ್ರೆಯೂ 130ಕ್ಕೆ ಬಂದಿದೆ. ಪಂಪಿನ ಒಂದು ತಿರುಪನ್ನೂ ಬಿಚ್ಚಬೇಕಾಗಲಿಲ್ಲ. ಇನ್ನು ಎಣ್ಣೆಯನ್ನು ಎಷ್ಟು ಗಂಟೆಗೊಮ್ಮೆ ಬದಲಿಸಬೇಕು?

ಉತ್ತರ 1

ನಿಮ್ಮ ಕೆಲಸಕ್ಕೆ ಗಂಟೆಯ ಲೆಕ್ಕ ಹೊಂದುವುದಿಲ್ಲ. ಪ್ರತಿ ಸಲ ಶುರು ಮಾಡುವ ಮೊದಲು ಗಾಜನ್ನು ನೋಡಿ. ಎಣ್ಣೆ ಸ್ವಲ್ಪ ಮಬ್ಬಾಗಿ ಕಂಡರೂ ಅಂದೇ ಬದಲಿಸಿ, ನೀರು ಸೇರಿದ ಎಣ್ಣೆಯನ್ನು ಪಂಪಿನೊಳಗೆ ವಾರಗಟ್ಟಲೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಮರವನ್ನು ಮಾತ್ರ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ತಣಿದ ಮೇಲೆ ಪಾತ್ರೆಗೆ ಹಾಕಿ.