ಎಸ್‌ಎಂಪಿಎಸ್‌ನ ‘ಸಾಮರ್ಥ್ಯ’ ಬೇರೆ, ‘ದಕ್ಷತೆ’ ಬೇರೆ: ಓದುವವರಿಗೆ ಇದನ್ನು ತಿಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಆಫೀಸಿನಲ್ಲಿ ಬಳಸಿ ಮಾರಿದ ಹಳೆಯ ಡೆಸ್ಕ್‌ಟಾಪ್ ಕೊಂಡು, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಪವರ್ ಸಪ್ಲೈ) ಇವಕ್ಕೆಲ್ಲ ಹೊಸ ಪದ ಬೇಡ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಹೇಗೆ ಕೇಳುತ್ತಾರೋ ಹಾಗೇ ಬರೆದರೆ ಸಾಕು. ತೊಡಕಾಗಿರುವುದು ನಮಗೆ ಮೊದಲೇ ಗೊತ್ತಿರುವ ಎರಡು ಪದಗಳಲ್ಲಿ: ‘ಸಾಮರ್ಥ್ಯ’ ಮತ್ತು ‘ದಕ್ಷತೆ’.

ಎಸ್‌ಎಂಪಿಎಸ್ ಡಬ್ಬದ ಮೇಲೆ 450 ವಾಟ್ ಅಂತ ಇರುತ್ತದೆ. ಪಕ್ಕದಲ್ಲಿ ‘80 ಪ್ಲಸ್’ ಅನ್ನುವ ಗುರುತು. ವಾಟ್ ಹೇಳುವುದು, ಅದು ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಒಟ್ಟು ಎಷ್ಟು ಕೊಡಬಲ್ಲದು ಅಂತ. 80 ಪ್ಲಸ್ ಹೇಳುವುದು, ಗೋಡೆಯ ಸಾಕೆಟ್ಟಿನಿಂದ ಎಳೆದುಕೊಂಡದ್ದರಲ್ಲಿ ಎಷ್ಟು ಪಾಲು ಒಳಗೆ ತಲುಪುತ್ತದೆ ಅಂತ. ಉಳಿದ ಪಾಲು ಬಿಸಿಯಾಗಿ ಹೋಗುತ್ತದೆ.

ಇದನ್ನು ‘80% ದಕ್ಷತೆ’ ಎಂದು ಬರೆದರೆ ಓದುವವರು ಏನು ಮಾಡುತ್ತಾರೆ? 450ರಲ್ಲಿ 80 ಪರ್ಸೆಂಟ್ ಅಂದರೆ 360, ಹಾಗಾದರೆ ಸಿಗುವುದು 360 ವಾಟ್ ಮಾತ್ರ ಅಂತ ಲೆಕ್ಕ ಹಾಕುತ್ತಾರೆ. ಅದು ತಪ್ಪು. ಒಳ್ಳೆಯ ಎಸ್‌ಎಂಪಿಎಸ್ ಆದರೆ ಒಳಗೆ 450 ಪೂರ್ತಿ ಸಿಗುತ್ತದೆ. ಅಷ್ಟು ಕೊಡಲು ಗೋಡೆಯಿಂದ ಸುಮಾರು 562 ವಾಟ್ ಎಳೆಯುತ್ತದೆ, ಅಷ್ಟೇ. ಇನ್ನೊಂದು ಗೊಂದಲ ಇದಕ್ಕೆ ಪೂರ್ತಿ ಉಲ್ಟಾ. 80 ಪ್ಲಸ್ ಗುರುತಿನಲ್ಲೇ ಬ್ರಾಂಜ್, ಅದಕ್ಕಿಂತ ಮೇಲಿನ ಗೋಲ್ಡ್ ಅಂತ ದರ್ಜೆಗಳಿವೆ. ಗೋಲ್ಡ್ ಇದ್ದರೆ ಬ್ರಾಂಜ್‌ಗಿಂತ ದೊಡ್ಡ ಕಾರ್ಡ್ ಹಾಕಬಹುದು ಅಂದುಕೊಳ್ಳುವುದು. 450 ವಾಟಿನ ಗೋಲ್ಡ್ ಕೊಡುವುದೂ 450, ಬ್ರಾಂಜ್ ಕೊಡುವುದೂ 450. ದುಡ್ಡು ಸುಮ್ನೆ ಹೋಗುತ್ತದೆ.

ಇದರಲ್ಲಿ ನಮ್ಮ ಪದದ ಪಾಲೂ ಇದೆ ಅಂತ ನನಗೆ ಅನಿಸುತ್ತದೆ. ಪಠ್ಯಪುಸ್ತಕದ ‘ದಕ್ಷತೆ’ ಸರಿಯಾದ ಪದವೇ. ಆದರೆ ಪುಸ್ತಕದ ಹೊರಗೆ ನಾವು ಅದನ್ನು ಕೇಳುವುದು ‘ದಕ್ಷ ಅಧಿಕಾರಿ’ ಅನ್ನುವ ಕಡೆ. ಅಲ್ಲಿ ಅದರ ಅರ್ಥ ಹೆಚ್ಚುಕಮ್ಮಿ ‘ಸಮರ್ಥ’ ಅಂತಲೇ ಅಲ್ವಾ? ಹಾಗಾಗಿ ಎರಡೂ ಒಂದೇ ಅಂತ ಕಿವಿ ತಿಳಿಯುತ್ತದೆ.

‘ಸಾಮರ್ಥ್ಯ’ದ ಕಥೆ ಇನ್ನೂ ಕಷ್ಟ. ‘ಹೆಚ್ಚು ಸಾಮರ್ಥ್ಯದ ಕಾರ್ಡ್’ ಅಂದರೆ ಯಾವುದು? ವೇಗವಾಗಿ ಓಡುವುದೋ, ಮೆಮೊರಿ ಜಾಸ್ತಿ ಇರುವುದೋ, ಕರೆಂಟ್ ಜಾಸ್ತಿ ತಿನ್ನುವುದೋ? ಈ ಮೂರೂ ಒಟ್ಟಿಗೆ ಹೋಗುವುದಿಲ್ಲ. 2017ರ ಆರ್‌ಎಕ್ಸ್ 580 ಕಾರ್ಡಿಗೆ 185 ವಾಟ್ ಬೇಕು. 2021ರ ಆರ್‌ಎಕ್ಸ್ 6600 ಅದಕ್ಕಿಂತ ಎಷ್ಟೋ ವೇಗ, ಬೇಕಾಗುವುದು ಮಾತ್ರ 132 ವಾಟ್. ಮೆಮೊರಿ ಎರಡರಲ್ಲೂ 8 ಜಿಬಿ ಸಿಗುತ್ತದೆ. ಇವೆರಡರಲ್ಲಿ ‘ಹೆಚ್ಚು ಸಾಮರ್ಥ್ಯ’ ಯಾವುದರದು ಅಂತ ಒಂದೇ ಪದದಲ್ಲಿ ಹೇಳಲು ಬರುವುದಿಲ್ಲ.

ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದು ಬರೀ ಪದದ ಮಾತಲ್ಲ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡುವುದು 75 ವಾಟ್ ಮಾತ್ರ. ಜಿಟಿಎಕ್ಸ್ 1650 ಕಾರ್ಡಿನ ಹಲವು ಮಾದರಿಗಳು ಅಷ್ಟರಲ್ಲೇ ಓಡುತ್ತವೆ. ಅದಕ್ಕಿಂತ ಜಾಸ್ತಿ ಬೇಕಾದರೆ ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಬರಬೇಕು. 6 ಪಿನ್ನಿನದು ಇನ್ನೂ 75 ವಾಟ್ ಕೊಡುತ್ತದೆ, 8 ಪಿನ್ನಿನದು 150. ಅಗ್ಗದ ಎಸ್‌ಎಂಪಿಎಸ್‌ನ ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ನಂಬುವ ಹಾಗೂ ಇಲ್ಲ. ಲೇಬಲ್ಲಿನಲ್ಲಿ 12 ವೋಲ್ಟ್ ಲೈನಿಗೆ 16 ಆಂಪ್ ಅಂತ ಇದ್ದರೆ, ಆ ಲೈನಿನಲ್ಲಿ ಸಿಗುವುದು 192 ವಾಟ್. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಬಹುಪಾಲು ತಿನ್ನುವುದು ಅದೇ ಲೈನಿನಿಂದ.

ಅಂಗಡಿಯವರು ಈ ಗೊಂದಲವನ್ನು ಸಲೀಸಾಗಿ ದಾಟುತ್ತಾರೆ. ಅವರು ನಾಮಪದಕ್ಕೇ ಹೋಗುವುದಿಲ್ಲ. ‘ಈ ಕಾರ್ಡ್ ಎಷ್ಟು ಎಳೆಯುತ್ತೆ?’, ‘ಈ ಎಸ್‌ಎಂಪಿಎಸ್ ಅಷ್ಟು ಲೋಡ್ ತಡೆಯುತ್ತಾ?’ ಅನ್ನುತ್ತಾರೆ. ನನಗೂ ಇದೇ ದಾರಿ ಹಿಡಿಸಿದೆ. ಕಾರ್ಡಿಗೆ ‘ಎಳೆಯುವ ವಾಟ್’, ಎಸ್‌ಎಂಪಿಎಸ್‌ಗೆ ‘ಕೊಡುವ ವಾಟ್’ ಅಂತ ಬರೆದಿದ್ದೇನೆ. ವೇಗಕ್ಕೆ ‘ವೇಗ’ ಅಂತಲೇ. ‘ಸಾಮರ್ಥ್ಯ’ವನ್ನು ಪೂರ್ತಿ ಬಿಟ್ಟಿದ್ದೇನೆ.

ಉಳಿದದ್ದು ‘ದಕ್ಷತೆ’. ಅದಕ್ಕೆ ‘ಇಳುವರಿ’ ಆಗಬಹುದೇ? ಕಬ್ಬು ಅರೆದಾಗ ನೂರಕ್ಕೆ ಎಷ್ಟು ಸಕ್ಕರೆ ಸಿಕ್ಕಿತು ಅನ್ನುವುದನ್ನು ಪತ್ರಿಕೆಗಳು ‘ಸಕ್ಕರೆ ಇಳುವರಿ’ ಅನ್ನುತ್ತವೆ. ಹಾಕಿದ್ದರಲ್ಲಿ ಎಷ್ಟು ಪಾಲು ಕೈಗೆ ಬಂತು ಅನ್ನುವ ಅರ್ಥ ಅಲ್ಲಿ ಚೆನ್ನಾಗಿ ಕೂತಿದೆ. ಆದರೆ ಎಕರೆಗೆ ಇಷ್ಟು ಕ್ವಿಂಟಾಲ್ ಅನ್ನುವಾಗಲೂ ಇಳುವರಿಯೇ. ಅಲ್ಲಿ ಅದು ಪಾಲಲ್ಲ, ಒಟ್ಟು ಮೊತ್ತ. ಆ ಅರ್ಥ ಮೊದಲು ಹೊಳೆದರೆ ಓದುವವರು ಮತ್ತೆ ‘450’ಕ್ಕೇ ಹೋಗಿ ನಿಲ್ಲುತ್ತಾರೆ.

ಕರಾವಳಿ, ಉತ್ತರ ಕರ್ನಾಟಕದ ಕಡೆಯವರು ತಿಳಿಸಿ: ಯುಪಿಎಸ್, ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವರು ‘ಕರೆಂಟ್ ದಂಡ ಆಗೋದಿಲ್ಲ’ ಅನ್ನುವುದಕ್ಕೆ ಒಂದೇ ಪದ ಏನಾದರೂ ಬಳಸುತ್ತಾರಾ? ಅದು ಆಡುಮಾತಿನದಾದರೂ ಪರವಾಗಿಲ್ಲ, ಆ ಪದದ ಜೊತೆ ಅವರು ಹೇಳುವ ಒಂದು ಪೂರ್ತಿ ವಾಕ್ಯವನ್ನೂ ಬರೆದು ಕಳಿಸಿ.