ಗ್ಯಾಲಿಯಂ ಅಲ್ಯೂಮಿನಿಯಂಗಿಂತ ಸಣ್ಣದು ಯಾಕ? ಲೆಕ್ಕ ಹಾಕಿ ತೋರಿಸ್ರಿ

ಜಮಖಂಡಿ_ಪಿಯುಸಿ

ನಮಸ್ಕಾರ್ರೀ. ಸಿಇಟಿಗೆ ಆವರ್ತಕ ಕೋಷ್ಟಕ ಓದಾಕತ್ತೀನಿ. ಗುಂಪಿನಾಗ ಕೆಳಗ ಇಳಿದಂಗ ಪರಮಾಣು ದೊಡ್ಡದಾಗ್ತೈತಿ, ಅಯಾನೀಕರಣ ಶಕ್ತಿ (ಹೊರಗಿನ ಎಲೆಕ್ಟ್ರಾನ್ ಕೀಳಾಕ ಬೇಕಾದ ಶಕ್ತಿ) ಕಡಿಮಿ ಆಗ್ತೈತಿ ಅಂತ ಬಾಣ ಹಾಕಿ ಕಲಿಸ್ಯಾರ. ಆದ್ರ 13ನೇ ಗುಂಪಿನಾಗ ಅಲ್ಯೂಮಿನಿಯಂ ತ್ರಿಜ್ಯ 143 ಪಿಕೋಮೀಟರ್, ಅದರ ಕೆಳಗಿನ ಗ್ಯಾಲಿಯಂದು 135. ಅಯಾನೀಕರಣ ಶಕ್ತಿ 577.5 ಇದ್ದದ್ದು 578.8 ಕಿಲೋಜೂಲ್ ಆಗೈತಿ, ಇಳಿದೇ ಇಲ್ಲ. ಗೈಡ್‌ನಾಗ "3ಡಿ ಎಲೆಕ್ಟ್ರಾನ್‌ಗಳ ಶೀಲ್ಡಿಂಗ್ ಕಮ್ಮಿ" ಅಂತ ಒಂದ ಸಾಲು ಬರದು ಬಿಟ್ಟಾರ. ಎಷ್ಟು ಕಮ್ಮಿ? ಅಂಕಿಯಾಗ ತೋರಸಾಕ ಬರ್ತೈತೇನ್ರಿ?

ಇನ್ನೊಂದು. ಅಲ್ಯೂಮಿನಿಯಂ ಲೋಹ, ಕ್ಲೋರಿನ್ ಅಲೋಹ. ಹಂಗಾರ ಅಲ್ಯೂಮಿನಿಯಂ ಕ್ಲೋರೈಡ್ ಅಯಾನಿಕ್ ಆಗಬೇಕಲ್ಲ, ಕೊವೇಲೆಂಟ್ (ಎಲೆಕ್ಟ್ರಾನ್ ಹಂಚಿಕೊಂಡದ್ದು) ಅಂತಾರಲ್ಲ ಯಾಕ?

ವಿಜಯಪುರ_ಕೆಮಿಸ್ಟ್ರಿ

ಬರ್ತೈತಿ. ಸ್ಲೇಟರ್ ನಿಯಮ (ನ್ಯೂಕ್ಲಿಯಸ್ಸಿನ ಎಳೆತವನ್ನ ಬ್ಯಾರೆ ಎಲೆಕ್ಟ್ರಾನ್ ಎಷ್ಟು ತಡೀತಾವು, ಅಂದ್ರ ಶೀಲ್ಡಿಂಗ್ ಎಷ್ಟು, ಅನ್ನೋ ಲೆಕ್ಕ) ಹಚ್ಚಿ ನೋಡ್ರಿ, ಐದು ನಿಮಿಷದ ಕೆಲಸ. ಹೊರಗಿನ ಒಂದು ಎಲೆಕ್ಟ್ರಾನ್ ಹಿಡೀರಿ. ಅದರ ಕವಚದಾಗ ಉಳಿದ ಎಸ್, ಪಿ ಎಲೆಕ್ಟ್ರಾನ್ ಒಂದೊಂದು 0.35 ತಡೀತಾವು. ಒಂದು ಕವಚ ಒಳಗಿನವು 0.85, ಅದಕ್ಕಿಂತ ಒಳಗಿನವು ಪೂರಾ 1.

ಅಲ್ಯೂಮಿನಿಯಂ, ಪರಮಾಣು ಸಂಖ್ಯೆ 13. ಜೊತಿಗಿನವು 2 × 0.35 = 0.7. ಎರಡನೇ ಕವಚದವು 8 × 0.85 = 6.8. ಒಳಗಿನವು 2. ಒಟ್ಟು ತಡೆ 9.5. ಹೊರಗಿನ ಎಲೆಕ್ಟ್ರಾನ್‌ಗೆ ತಟ್ಟೋ ಆವೇಶ 13 − 9.5 = 3.5.

ಗ್ಯಾಲಿಯಂ, 31. ಜೊತಿಗಿನವು 0.7. ಮೂರನೇ ಕವಚದಾಗ 3ಡಿ ಹಿಡಿದು 18 ಅದಾವು, 18 × 0.85 = 15.3. ಒಳಗಿನವು 10. ಒಟ್ಟು 26. ಉಳಿದದ್ದು 5.0.

3.5 ಇದ್ದದ್ದು 5.0 ಹೆಂಗಾತು? ನಡುವ 3ಡಿ ಸಾಲು ಬಂದು ನ್ಯೂಕ್ಲಿಯಸ್‌ಗೆ 10 ಪ್ರೋಟಾನ್ ಸೇರ್ಯಾವು. ಅವುಗಳ ಜೋಡಿ ಬಂದ 10 ಎಲೆಕ್ಟ್ರಾನ್ ತಡೆದದ್ದು 8.5 ಅಷ್ಟ. ತಡೀಲಾರದ ಉಳಿದ 1.5 ಹೊರಗಿನ ಎಲೆಕ್ಟ್ರಾನನ್ನ ಒಳಗ ಎಳೀತೈತಿ. ಹೊಸ ಕವಚದಿಂದ ಬರಬೇಕಾದ ದೊಡ್ಡತನವನ್ನ ಈ 1.5 ತಿಂದು ಹಾಕ್ತೈತಿ. ನಿಮ್ಮ ಗೈಡ್‌ನ ಒಂದು ಸಾಲಿನ ಅರ್ಥ ಇಷ್ಟ.

ಮಕ್ಕಳು ತಪ್ಪೋದು ಒಂದ ಕಡೆ: 3ಡಿ ಎಲೆಕ್ಟ್ರಾನ್‌ಗಳಿಗೂ 1 ಹಾಕಿಬಿಡ್ತಾರ. 4ಪಿ ಎಲೆಕ್ಟ್ರಾನ್ ಹಿಡಿದಾಗ 3ಡಿ ಒಂದು ಕವಚ ಒಳಗಿನದು, ಹಂಗಾಗಿ 0.85. 1 ಹಾಕಿದ್ರ ತಿರುಗಿ 3.5 ಬರ್ತೈತಿ, ಗ್ಯಾಲಿಯಂ ಯಾಕ ಸಣ್ಣದು ಅನ್ನೋದ ಮಾಯ ಆಗ್ತೈತಿ.

ಬೆಳಗಾವಿ_ಲ್ಯಾಬ್

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಲೋಹ ಮತ್ತು ಅಲೋಹ ಸೇರಿದರೆ ಅಯಾನಿಕ್ ಅನ್ನುವುದು ಹೈಸ್ಕೂಲಿಗೆ ಸಾಕು, ಸಿಇಟಿಗೆ ಸಾಲದು. ಅಲ್ಯೂಮಿನಿಯಂನಿಂದ ಮೂರು ಎಲೆಕ್ಟ್ರಾನ್ ಕೀಳಲು 577.5 + 1817 + 2745, ಅಂದರೆ ಸುಮಾರು 5140 ಕಿಲೋಜೂಲ್ ಬೇಕು. ಹಾಗೆ ಕಿತ್ತಾಗ ಉಳಿಯುವ ಅಯಾನಿನ ತ್ರಿಜ್ಯ ಬರೀ 53.5 ಪಿಕೋಮೀಟರ್, ಮೇಲೆ ಮೂರು ಧನ ಆವೇಶ. ಸೋಡಿಯಂ ಅಯಾನಿಗೆ 102, ಆವೇಶ ಒಂದೇ. ಇಷ್ಟು ಚಿಕ್ಕ, ಇಷ್ಟು ಬಿರುಸಿನ ಅಯಾನು 181 ಪಿಕೋಮೀಟರಿನ ಮೆತ್ತನೆಯ ಕ್ಲೋರೈಡಿನ ಎಲೆಕ್ಟ್ರಾನ್ ಮೋಡವನ್ನು ತನ್ನ ಕಡೆ ಎಳೆದುಕೊಳ್ಳದೆ ಬಿಡುವುದಿಲ್ಲ. ಎಳೆದ ಮೇಲೆ ಅದು ಹಂಚಿಕೆಯೇ. ಫ್ಲೋರೈಡ್ 133 ಪಿಕೋಮೀಟರ್, ಬಿಗಿಯಾದದ್ದು, ಸುಲಭಕ್ಕೆ ಬಾಗುವುದಿಲ್ಲ.

ಫಲಿತಾಂಶ ಕಣ್ಣಿಗೇ ಕಾಣುತ್ತದೆ: ಸೋಡಿಯಂ ಕ್ಲೋರೈಡ್ 801 ಡಿಗ್ರಿಗೆ ಕರಗುತ್ತದೆ, ಮೆಗ್ನೀಸಿಯಂ ಕ್ಲೋರೈಡ್ 714ಕ್ಕೆ, ಅಲ್ಯೂಮಿನಿಯಂ ಕ್ಲೋರೈಡ್ 180ರ ಸುಮಾರಿಗೆ ನೇರ ಆವಿಯಾಗುತ್ತದೆ. ಅಲ್ಯೂಮಿನಿಯಂ ಫ್ಲೋರೈಡ್ ಮಾತ್ರ 1200 ಡಿಗ್ರಿ ದಾಟಿದರೂ ಘನವಾಗಿಯೇ ಇರುತ್ತದೆ. ಒಂದು ಮಾತು ಸೇರಿಸಬೇಕು: ಘನರೂಪದ ಕ್ಲೋರೈಡಿನಲ್ಲಿ ಪ್ರತಿ ಅಲ್ಯೂಮಿನಿಯಂ ಸುತ್ತ ಆರು ಕ್ಲೋರಿನ್ ಇರುವ ಪದರಗಳಿವೆ. ಎರಡೆರಡು ಜೋಡಿಯಾದ ಡೈಮರ್ ಸಿಗುವುದು ಕರಗಿದಾಗ ಮತ್ತು ಕಡಿಮೆ ಬಿಸಿಯ ಆವಿಯಲ್ಲಿ.

ಲ್ಯಾಬಿನಲ್ಲಿ ನೀರಿನಂಶ ಇರುವ ಅಲ್ಯೂಮಿನಿಯಂ ಕ್ಲೋರೈಡನ್ನು ಕಾಯಿಸಿ ಒಣ ಕ್ಲೋರೈಡ್ ಮಾಡಲು ಹೋಗಬೇಡಿ. ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಎದ್ದು ಕೊನೆಗೆ ತಳದಲ್ಲಿ ಉಳಿಯುವುದು ಆಕ್ಸೈಡ್. ಕಾರಣ ಮೇಲಿನದೇ: ಆ ಅಯಾನು ಕ್ಲೋರಿನನ್ನು ಬಿಟ್ಟು ನೀರಿನ ಆಕ್ಸಿಜನನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಇದೇ ಗುಣವನ್ನು ಕಣ್ಣಾರೆ ನೋಡಬೇಕೆಂದರೆ ಪಟಿಕ (ಅಲ್ಯೂಮಿನಿಯಂ ಇರುವ ಲವಣ) ಸಾಕು. 1 ಗ್ರಾಂ ಪಟಿಕವನ್ನು 20 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, 2 ಮಿಲಿ ಟೆಸ್ಟ್ ಟ್ಯೂಬಿಗೆ ಹಾಕಿ. 100 ಮಿಲಿಗೆ 8 ಗ್ರಾಂ ಲೆಕ್ಕದ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿ ಹನಿಯಾಗಿ ಬಿಡಿ. ಆರು ಹನಿ ಹೊತ್ತಿಗೆ ಬಿಳಿ ಲೋಳೆ ತುಂಬುತ್ತದೆ, ಒಂಬತ್ತು–ಹನ್ನೆರಡು ಹನಿಗೆ ಅಲುಗಾಡಿಸಿದರೆ ಕರಗಿ ತಿಳಿಯಾಗುತ್ತದೆ. ಒಂದೇ ಸಲಕ್ಕೆ ಸುರಿದರೆ ಲೋಳೆ ಬಂದದ್ದೇ ಗೊತ್ತಾಗುವುದಿಲ್ಲ. ಬೋರ್ ನೀರು ಬಳಸಿದರೆ ಕೊನೆಗೂ ಮಬ್ಬು ಉಳಿಯಬಹುದು. ನಮ್ಮ ಕಡೆಯ ಬೋರ್ ನೀರು ಗಡಸು, ಅದರ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಹೆಚ್ಚಿನ ಕಾಸ್ಟಿಕ್‌ನಲ್ಲಿ ಕರಗುವುದಿಲ್ಲ. ಕನ್ನಡಕ ಹಾಕಿಕೊಂಡೇ ಮಾಡಿ, ಕಾಸ್ಟಿಕ್ ಕಣ್ಣಿಗೆ ಕೆಟ್ಟದ್ದು.

ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಂಥ ಕಡೆ ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವ ಬೇಯರ್ ವಿಧಾನ ನಿಂತಿರುವುದು ಈ ಟೆಸ್ಟ್ ಟ್ಯೂಬಿನ ರಸಾಯನದ ಮೇಲೆಯೇ. ಬಿಸಿ ಕಾಸ್ಟಿಕ್‌ನಲ್ಲಿ ಅಲ್ಯೂಮಿನಿಯಂ ಕರಗುತ್ತದೆ, ಕಬ್ಬಿಣದ ಆಕ್ಸೈಡ್ ಕರಗದೆ ಕೆಂಪು ಕೆಸರಾಗಿ ಬೀಳುತ್ತದೆ. ನಿಮ್ಮ ಗ್ಯಾಲಿಯಂ ಎಲ್ಲಿ ಹೋಗುತ್ತದೆ ಗೊತ್ತೇ? ಅಯಾನಿನ ಗಾತ್ರ ನೋಡಿದರೆ ಅದು (62) ಕಬ್ಬಿಣಕ್ಕೆ (64.5) ಹತ್ತಿರ. ಆದರೂ ಬಹುಪಾಲು ಅಲ್ಯೂಮಿನಿಯಂ ಜೊತೆಗೇ ಕಾಸ್ಟಿಕ್‌ನಲ್ಲಿ ಕರಗಿ, ಅದೇ ದ್ರಾವಣ ಸುತ್ತಿ ಸುತ್ತಿ ಬರುವಾಗ ಅದರಲ್ಲಿ ಶೇಖರವಾಗುತ್ತದೆ. ಜಗತ್ತಿನ ಗ್ಯಾಲಿಯಂ ಹೆಚ್ಚಾಗಿ ಸಿಗುವುದು ಈ ದ್ರಾವಣದಿಂದಲೇ. ಗಾತ್ರವೊಂದನ್ನೇ ಹಿಡಿದು ತೀರ್ಪು ಕೊಡುವವರಿಗೆ ಇದನ್ನು ತೋರಿಸಬೇಕು.

ಜಮಖಂಡಿ_ಪಿಯುಸಿ

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಸರ್, ಅದ ಲೆಕ್ಕ ಬೆರಿಲಿಯಂ, ಬೋರಾನ್‌ಗೆ ಹಾಕಿದೆ. ಬೆರಿಲಿಯಂಗೆ 1.95, ಬೋರಾನ್‌ಗೆ 2.60 ಬಂತು. ಹಂಗಾರ ಬೋರಾನ್‌ದು ಅಯಾನೀಕರಣ ಶಕ್ತಿ ಜಾಸ್ತಿ ಇರಬೇಕು. ಟೇಬಲ್‌ನಾಗ ಬೆರಿಲಿಯಂ 899, ಬೋರಾನ್ 801. ಲೆಕ್ಕ ತಪ್ಪೇನ್ರಿ?

ವಿಜಯಪುರ_ಕೆಮಿಸ್ಟ್ರಿ

ಲೆಕ್ಕ ಸರಿ ಐತಿ, ನಿಯಮ ಅಲ್ಲಿ ಕೈ ಕೊಡ್ತೈತಿ. ಸ್ಲೇಟರ್‌ಗೆ 2ಎಸ್, 2ಪಿ ಬ್ಯಾರೆ ಅಲ್ಲ, ಎರಡನ್ನೂ ಒಂದ ಗುಂಪಿನಾಗ ಹಾಕ್ಯಾನ. ಖರೇ ನೋಡಿದ್ರ 2ಎಸ್ ಎಲೆಕ್ಟ್ರಾನ್ ನ್ಯೂಕ್ಲಿಯಸ್ ಹತ್ರ ನುಗ್ಗಿ ಬರ್ತೈತಿ, ಅದರ ಶಕ್ತಿಮಟ್ಟ ಕೆಳಗ. ಬೋರಾನ್‌ನಾಗ ಕೀಳಬೇಕಾದ್ದು 2ಪಿ, ಮ್ಯಾಲಿಂದ, ಸಡ್ಲ ಇರೋದು. ನೈಟ್ರೋಜನ್ 1402, ಆಕ್ಸಿಜನ್ 1314 ಆಗಿದ್ದಕ್ಕ ಕಾರಣ ಬ್ಯಾರೆ: ಆಕ್ಸಿಜನ್‌ನಾಗ ನಾಲ್ಕನೇ ಪಿ ಎಲೆಕ್ಟ್ರಾನ್ ಜೋಡಿ ಆಗಿ ಕುಂತೈತಿ, ಜೋಡಿಗಿದ್ದದ್ದು ಅದನ್ನ ತಳ್ತೈತಿ. ಸಾಲಿನಾಗ ಪಕ್ಕಪಕ್ಕದ ಇವೆರಡು ಜೋಡಿಗೆ ಸ್ಲೇಟರ್ ಬಳಸಬ್ಯಾಡ್ರಿ. ಗುಂಪಿನಾಗ ಕೆಳಗ ಇಳಿಯುವಾಗ, ನಡುವ ಡಿ ಸಾಲು ತೂರಿಕೊಂಡಾಗ, ಬಳಸ್ರಿ.

ಬೆಳಗಾವಿ_ಲ್ಯಾಬ್

ಕೆಳಗೆ ಇಳಿಯುವಾಗಲೂ ಥ್ಯಾಲಿಯಂ ಹತ್ತಿರ ಎಚ್ಚರ. ಅಲ್ಲಿ 4ಎಫ್‌ನ 14 ಎಲೆಕ್ಟ್ರಾನ್ ಇನ್ನೂ ಕಡಿಮೆ ತಡೆಯುತ್ತವೆ. ಸ್ಲೇಟರ್ ಅವಕ್ಕೆ ಪೂರ್ತಿ 1 ಕೊಡುತ್ತದೆ, ಹಾಗಾಗಿ ಏರಿಕೆಯೇ ಕಾಣುವುದಿಲ್ಲ. ಇಂಡಿಯಂ 558ಕ್ಕೆ ಇಳಿದದ್ದು ಥ್ಯಾಲಿಯಂನಲ್ಲಿ 589ಕ್ಕೆ ಏರಿದೆ. 13ನೇ ಗುಂಪಿನ ಅಯಾನೀಕರಣ ಶಕ್ತಿಯ ಕ್ರಮ ಕೇಳಿದರೆ ಬೋರಾನ್, ಥ್ಯಾಲಿಯಂ, ಗ್ಯಾಲಿಯಂ, ಅಲ್ಯೂಮಿನಿಯಂ, ಇಂಡಿಯಂ ಎಂದು ಹೆಚ್ಚಿನದರಿಂದ ಕಡಿಮೆಗೆ ಬರೆಯಿರಿ.