ಸಾಲ್ವೆಂಟ್ ಪ್ಲಾಂಟ್: ಮಧ್ಯಾಹ್ನ ಆರಿ ರಾತ್ರಿ ತಾನಾಗೇ ಹತ್ತುವ ಫ್ಲೇಮ್‌ಪ್ರೂಫ್ ಲೈಟು, ಪಂಪ್ ಹತ್ತಿರ ಹೆಕ್ಸೇನ್ ವಾಸನೆ

ಸಿಂಧನೂರು_ಎಲೆಕ್ಟ್ರಿಕಲ್:
ಎಲ್ಲರಿಗೂ ನಮಸ್ಕಾರ. ಸಿಂಧನೂರು ಹತ್ತಿರ ಹೆಕ್ಸೇನ್ ಎಂಬ ಬೇಗ ಹೊತ್ತಿಕೊಳ್ಳುವ ದ್ರಾವಕದಿಂದ ತೌಡಿನ ಎಣ್ಣೆ ತೆಗೆಯುವ ಸಾಲ್ವೆಂಟ್ ಪ್ಲಾಂಟಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರಿದ್ದೇನೆ. ಹಿಂದೆ ಕೆಲಸ ಮಾಡಿದ ಕಾಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಬೇಸಿಗೆ ಭತ್ತದ ಕೊಯ್ಲು ಆಗಿದೆ, ಗಂಗಾವತಿ ಕಡೆಯಿಂದಲೂ ತೌಡು ಬರುತ್ತಿದೆ. ತೌಡು ಇಟ್ಟಷ್ಟೂ ಎಣ್ಣೆಯಲ್ಲಿ ಆಸಿಡ್ ಏರಿ ಗುಣ ಕೆಡುತ್ತದೆ ಅಲ್ವಾ, ಹಾಗಾಗಿ ಪ್ಲಾಂಟ್ ನಿಲ್ಲಿಸಲು ಮಾಲೀಕರು ಸುತಾರಾಂ ಒಪ್ಪುವುದಿಲ್ಲ.

ತೊಂದರೆ ಏನೆಂದರೆ, ಎಕ್ಸ್‌ಟ್ರಾಕ್ಟರ್ (ಹೆಕ್ಸೇನ್‌ನಿಂದ ತೌಡಿನ ಎಣ್ಣೆ ಬಿಡಿಸುವ ಯಂತ್ರ) ಮಹಡಿಯಲ್ಲಿರುವ ಎಲ್‌ಇಡಿ ವೆಲ್‌ಗ್ಲಾಸ್ ಲೈಟುಗಳು (ಗಾಜಿನ ಬುರುಡೆಯ, ಒಳಗಿನ ಬೆಂಕಿ ಹೊರಗೆ ಬಿಡದ ಫ್ಲೇಮ್‌ಪ್ರೂಫ್ ಲೈಟು) ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ಆರುತ್ತವೆ. ರಾತ್ರಿ ತಾವಾಗೇ ಹತ್ತುತ್ತವೆ. ಹೀಗೇ ಸ್ವಲ್ಪ ದಿನ ಆಡಿ ಪೂರ್ತಿ ಸಾಯುತ್ತವೆ. ಹೊರಗಡೆ ಹೆಕ್ಸೇನ್ ಟ್ಯಾಂಕ್ ಹತ್ತಿರದ ಲೈಟುಗಳ ಗಾಜಿನೊಳಗೆ ಮೊನ್ನೆಯ ಮಳೆಗೆ ನೀರು ನಿಂತಿದೆ. ಇನ್ನೊಂದು, ಪಂಪ್ ಗುಂಡಿ ಹತ್ತಿರ ಹೆಕ್ಸೇನ್ ವಾಸನೆ ಬರುತ್ತದೆ, ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೂ ಹೋಗುವುದಿಲ್ಲ. ಗ್ಯಾಸ್ ಡಿಟೆಕ್ಟರ್ ಮಾತ್ರ ಸೊನ್ನೆ ತೋರಿಸುತ್ತದೆ.

ಮಾಲೀಕರು "ಸದ್ಯಕ್ಕೆ ಐಪಿ66 ಫ್ಲಡ್ ಲೈಟ್ ಹಾಕು, ಅದೂ ಪೂರ್ತಿ ಸೀಲ್ ಇರುತ್ತದಲ್ಲ" ಅನ್ನುತ್ತಾರೆ. ಹಾಕಬಹುದಾ?

ಫಿಟ್ಟರ್_ಗಂಗಾವತಿ:
ಅಣ್ಣ, ಮೊದಲು ವೋಲ್ಟೇಜ್ ನೋಡಿ. ಊರ ಹೊರಗಿನ ಲೈನಿನಲ್ಲಿ ಲೋಡ್ ಇಳಿದಾಗ ವೋಲ್ಟೇಜ್ ಮೇಲೆ ಹೋಗುತ್ತದೆ, ಲೈಟಿನೊಳಗಿನ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಸರ್ಕ್ಯೂಟ್) ಸುಡುತ್ತದೆ. ನಮ್ಮ ರೈಸ್ ಮಿಲ್ಲಿನಲ್ಲಿ ನ್ಯೂಟ್ರಲ್ ಲೂಸ್ ಆಗಿ ಒಂದು ಸಾಲು ಲೈಟೇ ಹೋಗಿತ್ತು.

ಸೇಫ್ಟಿ_ರಾಯಚೂರು:
ಫ್ಲಡ್ ಲೈಟ್ ಬೇಡವೇ ಬೇಡ. ಐಪಿ66 ಅಂದರೆ ಧೂಳು, ನೀರು ಒಳಗೆ ಹೋಗುವುದಿಲ್ಲ ಅಂತ ಅಷ್ಟೇ. ಒಳಗೆ ಕಿಡಿ ಹಾರಿದರೆ ಏನಾಗುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹೆಕ್ಸೇನ್ ಗಾಳಿಯಲ್ಲಿ ಶೇ. 1.1ರ ಹತ್ತಿರ ಬಂದರೆ ಸಾಕು, ಹೊತ್ತಿಕೊಳ್ಳುತ್ತದೆ. ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಏಳುವ ಉಷ್ಣತೆ, ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ. ನಮ್ಮ ಸೀಮೆಯಲ್ಲಿ ಯಾವ ಕಾಲದಲ್ಲೂ ಅದು ಸಿದ್ಧವಾಗೇ ಕೂತಿರುತ್ತದೆ.

ಲೈಟಿನ ನೇಮ್‌ಪ್ಲೇಟ್ ಮೇಲೆ ಇರುವುದನ್ನೆಲ್ಲ ಬರೆದುಕೊಂಡು ಬಂದು ಹಾಕಿ. ಫೋಟೊ ತೆಗೆಯಲು ಫೋನ್ ಒಳಗೆ ಒಯ್ಯಬೇಡಿ ಮತ್ತೆ.

ಸಿಂಧನೂರು_ಎಲೆಕ್ಟ್ರಿಕಲ್:
ಪ್ಯಾನೆಲ್ ರೂಮಿನಲ್ಲಿ ನೋಡಿದೆ. ವೋಲ್ಟೇಜ್ ರಾತ್ರಿ ಹಗಲು 230ರ ಆಸುಪಾಸು, 245 ದಾಟಿಲ್ಲ. ನ್ಯೂಟ್ರಲ್ ಗಟ್ಟಿ ಇದೆ.

ನೇಮ್‌ಪ್ಲೇಟ್: ಎಕ್ಸ್ ಡಿ (ಫ್ಲೇಮ್‌ಪ್ರೂಫ್ ಗುರುತು), ಗ್ರೂಪ್ 2ಬಿ (ಯಾವ ಗ್ಯಾಸ್ ಗುಂಪಿಗೆ ಅನ್ನುವುದು), ಟಿ6, ಐಪಿ65. ಪೆಸೊ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ನಂಬರ್ ಇದೆ. ಸುತ್ತಲಿನ ಉಷ್ಣತೆ ಎಷ್ಟು ಅಂತ ಎಲ್ಲೂ ಬರೆದಿಲ್ಲ. ಟಿ6 ಅಂದರೆ ಮೈ 85 ಡಿಗ್ರಿ ದಾಟಲ್ಲ ಅಂತ ತಾನೇ? ಮತ್ತೆ ಬಿಸಿಗೆ ಯಾಕೆ ಸಾಯಬೇಕು?

ಸೇಫ್ಟಿ_ರಾಯಚೂರು:
ಬರೆದಿಲ್ಲದಿರುವುದೇ ಉತ್ತರ. ಸ್ಫೋಟದ ಅಪಾಯವಿರುವ ಜಾಗದ ಉಪಕರಣಗಳ ಮಾನದಂಡ ಐಎಸ್/ಐಇಸಿ 60079ರ ಪ್ರಕಾರ ಪ್ಲೇಟ್ ಮೇಲೆ ಬೇರೆ ಏನೂ ಹೇಳದಿದ್ದರೆ ಆ ಲೈಟು ಮೈನಸ್ 20ರಿಂದ 40 ಡಿಗ್ರಿವರೆಗಿನ ಗಾಳಿಗೆ ಮಾತ್ರ. ಟಿ6 ಅನ್ನುವ ಮಾತೂ ಆ 40ರ ಒಳಗೆ ಮಾತ್ರ ನಿಲ್ಲುತ್ತದೆ. ರಾಯಚೂರು ಜಿಲ್ಲೆಯ ಮೇ ತಿಂಗಳಲ್ಲಿ ಮರದ ನೆರಳಿನಲ್ಲೇ 40 ದಾಟುತ್ತದೆ! ನಿಮ್ಮದು ತಗಡಿನ ಸೂರು, ಪಕ್ಕದಲ್ಲಿ ಸ್ಟೀಮ್ ಲೈನು, ಕೆಳಗೆ ಡಿಸಾಲ್ವೆಂಟೈಸರ್ (ತೌಡಿನಲ್ಲಿ ಉಳಿದ ಹೆಕ್ಸೇನ್ ಅನ್ನು ಬಿಸಿ ಮಾಡಿ ತೆಗೆಯುವ ಯಂತ್ರ). ಲೈಟು ಇರುವ ಎತ್ತರದಲ್ಲಿ ಒಂದು ಗಾಜಿನ ಥರ್ಮಾಮೀಟರ್ ಕಟ್ಟಿ ಮಧ್ಯಾಹ್ನ ನೋಡಿ. ಕರೆಂಟಿನ ಥರ್ಮಾಮೀಟರ್ ಬೇಡ.

ಡ್ರೈವರ್ ಬಿಸಿಯಾದಾಗ ತಾನೇ ಕಟ್ ಆಗುತ್ತದೆ, ತಣಿದ ಮೇಲೆ ಹತ್ತುತ್ತದೆ. ದಿನಾ ಹಾಗೆ ಆದರೆ ಒಳಗಿನ ಕೆಪಾಸಿಟರ್ ಬತ್ತಿ ಹೋಗುತ್ತದೆ. ಫಿಟ್ಟಿಂಗ್ ಮೇಲೆ ತೌಡಿನ ಧೂಳು ಕೂತಿದ್ದರೆ ಇನ್ನೂ ಬೇಗ.

ಫಿಟ್ಟರ್_ಗಂಗಾವತಿ:
ಸರ್, ಹೆಕ್ಸೇನ್ ತಾನಾಗಿ ಹೊತ್ತಿಕೊಳ್ಳುವುದು 225 ಡಿಗ್ರಿ ಹತ್ತಿರ ಅಲ್ವಾ? ಅದಕ್ಕೆ ಟಿ3 ಸಾಕು, ಅಂದರೆ 200. ಟಿ6 ಲೈಟು ಸ್ವಲ್ಪ ಜಾಸ್ತಿ ಬಿಸಿಯಾದರೂ ಅಪಾಯ ದೂರವೇ ಇದೆ. ಡ್ರೈವರ್ ಬಿಚ್ಚಿ ಹೊರಗಿನ ಬಾಕ್ಸಿನಲ್ಲಿ ಇಟ್ಟರೆ ಮುಗಿಯಿತಲ್ಲ.

ಸೇಫ್ಟಿ_ರಾಯಚೂರು:
ಟಿ3 ಲೆಕ್ಕ ಸರಿ. 2ಎ ಗ್ರೂಪಿನ ಹೆಕ್ಸೇನ್‌ಗೆ 2ಬಿ ಲೈಟು ಇರುವುದೂ ಸರಿ, ಮೇಲಿನ ದರ್ಜೆಯದ್ದೇ ಆಯಿತು. ಆದರೆ ಗಾಜು ಕೂರಿಸಿದ ಸಿಮೆಂಟು, ಗ್ಯಾಸ್ಕೆಟ್ಟು, ಒಳಗಿನ ವೈರು ಎಲ್ಲವನ್ನೂ 40ಕ್ಕೆ ಅಂತಲೇ ಪರೀಕ್ಷೆ ಮಾಡಿರುತ್ತಾರೆ. ಸಿಮೆಂಟು ಬಿರುಕು ಬಿಟ್ಟರೆ ಫ್ಲೇಮ್‌ಪ್ರೂಫ್ ಅನ್ನುವ ಹೆಸರು ಮಾತ್ರ ಉಳಿಯುತ್ತದೆ. ಡ್ರೈವರ್ ಹೊರಗಿಟ್ಟರೆ ಅದು ಸರ್ಟಿಫಿಕೇಟಿನಲ್ಲಿರುವ ಲೈಟೇ ಅಲ್ಲ. ಖಾಲಿ ರಂಧ್ರ ಬೇರೆ ಉಳಿಯುತ್ತದೆ. ಆ ಐಡಿಯಾ ಬಿಟ್ಟುಬಿಡಿ.

55 ಡಿಗ್ರಿಗೆ ಸರ್ಟಿಫಿಕೇಟ್ ಇರುವ ಲೈಟುಗಳು ಸಿಗುತ್ತವೆ, ಪ್ಲೇಟ್ ಮೇಲೇ ಬರೆದಿರುತ್ತದೆ. ಬೆಲೆ ಜಾಸ್ತಿ, ಅದು ನಿಜ. ಇನ್ನೊಂದು ದಾರಿ ಉಂಟು, ನನಗೆ ಅದೇ ಇಷ್ಟ. ಲೈಟನ್ನೇ ಕಟ್ಟಡದ ಹೊರಗೆ, ಅಪಾಯದ ವಲಯ ಮುಗಿದ ಮೇಲೆ ಕಂಬಕ್ಕೆ ಹಾಕಿ, ತೆರೆಯಲಾಗದ ಗಾಜಿನ ಕಿಟಕಿ ಮೂಲಕ ಒಳಗೆ ಬೆಳಕು ಬಿಡುವುದು. ಆದರೆ ವಲಯ ಎಲ್ಲಿ ಮುಗಿಯುತ್ತದೆ ಅನ್ನುವುದು ನಿಮ್ಮ ಪ್ಲಾಂಟಿನ ಡ್ರಾಯಿಂಗ್ ಹೇಳಬೇಕು, ಕಣ್ಣಂದಾಜು ನಡೆಯುವುದಿಲ್ಲ.

ತೋರಣಗಲ್ಲು_ಇನ್‌ಸ್ಟ್ರುಮೆಂಟ್:
ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೆ ಲೈಟಿಗಿಂತ ಆ ಸೊನ್ನೆ ತೋರಿಸುವ ಡಿಟೆಕ್ಟರ್ ಚಿಂತೆ. ಮೂಗಿಗೆ ವಾಸನೆ, ಡಿಟೆಕ್ಟರಿಗೆ ಸೊನ್ನೆ. ಎರಡೂ ಒಟ್ಟಿಗೆ ನಿಜ ಇರಬಹುದು, ಯಾಕೆಂದರೆ ತುಂಬಾ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೂ ನಂಬಿ ಕೂರಬೇಡಿ. ಅದು ಕ್ಯಾಟಲಿಟಿಕ್ ಬೀಡ್ ಸೆನ್ಸರಾ (ಬಿಸಿ ಮಣಿಯ ಮೇಲೆ ಗ್ಯಾಸ್ ಉರಿಸಿ ಅಳೆಯುವುದು), ಇನ್‌ಫ್ರಾರೆಡ್ಡಾ (ಕಾಣದ ಬೆಳಕಿನಿಂದ ಅಳೆಯುವುದು)? ಎಷ್ಟು ಎತ್ತರದಲ್ಲಿದೆ? ನೀರು ಹೋದ ಲೈಟುಗಳ ಜೋಡಣೆಗೆ ಯಾರಾದರೂ ಸಿಲಿಕೋನ್ ಪೇಸ್ಟ್ ಹಚ್ಚಿದ್ದಾರಾ ನೋಡಿ.

ಸಿಂಧನೂರು_ಎಲೆಕ್ಟ್ರಿಕಲ್:
ಕ್ಯಾಟಲಿಟಿಕ್. ತಲೆಗಿಂತ ಮೇಲೆ ಇದೆ. ಸಪ್ಲೈ ಕಟ್ ಮಾಡಿ ಒಂದು ಲೈಟು ಬಿಚ್ಚಿದೆ. ಹೌದು ಸರ್, ಮುಚ್ಚಳದ ಸುತ್ತ ಬಿಳಿ ಸಿಲಿಕೋನ್ ಗಟ್ಟಿಯಾಗಿ ಕೂತಿದೆ. ಪಂಪ್ ಹತ್ತಿರದ ಜಂಕ್ಷನ್ ಬಾಕ್ಸಿಗೂ ಹಚ್ಚಿದ್ದಾರೆ. ನಿಮಗೆ ಹೇಗೆ ಗೊತ್ತಾಯಿತು?

ತೋರಣಗಲ್ಲು_ಇನ್‌ಸ್ಟ್ರುಮೆಂಟ್:
ನೀರು ಹೋಗುತ್ತದೆ ಅಂದರೆ ನಮ್ಮವರ ಕೈ ಮೊದಲು ಹೋಗುವುದೇ ಆ ಟ್ಯೂಬಿಗೆ. ಸಿಲಿಕೋನ್ ಒಣಗುವಾಗ ಬರುವ ಆವಿ ಕ್ಯಾಟಲಿಟಿಕ್ ಸೆನ್ಸರಿಗೆ ವಿಷ. ಬೀಡ್ ಮೇಲೆ ಪದರ ಕಟ್ಟುತ್ತದೆ, ಆಮೇಲೆ ಗ್ಯಾಸ್ ಬಂದರೂ ಸೊನ್ನೆಯೇ. ದೋಷದ ಅಲಾರಂ ಕೂಡ ಬರುವುದಿಲ್ಲ, ಅದೇ ಕೆಟ್ಟದ್ದು. ಕ್ಯಾಲಿಬ್ರೇಶನ್ ಗ್ಯಾಸ್ ತರಿಸಿ ಬಂಪ್ ಟೆಸ್ಟ್ ಮಾಡಿ, ಅಂದರೆ ಅಳತೆ ಗೊತ್ತಿರುವ ಆ ಗ್ಯಾಸ್ ಬಿಟ್ಟು ಮೀಟರ್ ಏಳುತ್ತದಾ ನೋಡಿ. ಕೆಲವರು ಸಿಗರೇಟ್ ಲೈಟರಿನ ಗ್ಯಾಸ್ ಬಿಟ್ಟು ನೋಡುತ್ತಾರೆ. ಸಾಲ್ವೆಂಟ್ ಪ್ಲಾಂಟಿಗೆ ಲೈಟರ್ ಒಯ್ಯುವವರಿಗೆ ಏನು ಹೇಳೋಣ! ಅಷ್ಟು ಗಾಢ ಗ್ಯಾಸಿಗೆ ಚೆನ್ನಾಗಿರುವ ಸೆನ್ಸರ್ ಕೂಡ ಹಾಳಾಗಬಹುದು. ಮೀಥೇನ್‌ನಿಂದ ಮಾತ್ರ ಸೆಟ್ ಮಾಡಿದ ಮೀಟರ್ ಹೆಕ್ಸೇನ್ ಅನ್ನು ಕಡಿಮೆ ತೋರಿಸುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

ಎತ್ತರವೂ ತಪ್ಪು. ಹೆಕ್ಸೇನ್ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಗುಂಡಿ, ಚರಂಡಿ, ಮೆಟ್ಟಿಲ ಕೆಳಗೆ ಹೋಗಿ ಕೂರುತ್ತದೆ. ಡಿಟೆಕ್ಟರ್ ನೆಲದಿಂದ ಒಂದು, ಒಂದೂವರೆ ಅಡಿಗೆ ಇಳಿಯಬೇಕು. ಮೀಟರ್ ಸರಿ ಆಗುವವರೆಗೆ ಪರೀಕ್ಷೆ ಮಾಡಿದ ಪೋರ್ಟಬಲ್ ಮೀಟರ್ ಇಲ್ಲದೆ ಆ ಗುಂಡಿಗೆ ಯಾರನ್ನೂ ಇಳಿಸಬೇಡಿ.

ಸೇಫ್ಟಿ_ರಾಯಚೂರು:
ಸಿಲಿಕೋನ್ ಬಗ್ಗೆ ಇನ್ನೊಂದು ಮಾತು. ಫ್ಲೇಮ್‌ಪ್ರೂಫ್ ಬಾಕ್ಸ್ ಗಾಳಿಯಾಡದಂತೆ ಮುಚ್ಚಿದ್ದಲ್ಲ. ಒಳಗೆ ಸ್ಫೋಟ ಆದರೆ ಬೆಂಕಿ ಆ ಸಣ್ಣ ಸಂದಿಯಲ್ಲಿ ಹಾಯ್ದು ಬರುವಷ್ಟರಲ್ಲಿ ತಣಿಯಬೇಕು, ಹಾಗೆ ಲೆಕ್ಕ ಹಾಕಿ ಕಡೆದಿರುತ್ತಾರೆ. ಅಲ್ಲಿ ಗಟ್ಟಿಯಾಗುವ ಪೇಸ್ಟ್ ಹಚ್ಚಿದರೆ ಸಂದಿ ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಕೆರೆದು ತೆಗೆಯಲು ಸ್ಕ್ರೂಡ್ರೈವರ್ ಹಾಕಬೇಡಿ, ಗೀರು ಬಿದ್ದರೆ ಆ ಬಾಡಿ ಗುಜರಿಗೆ. ತುಕ್ಕು ತಡೆಯಲು ತಯಾರಕರು ಹೇಳಿದ, ಗಟ್ಟಿಯಾಗದ ಗ್ರೀಸ್ ತೆಳ್ಳಗೆ ಹಚ್ಚಬಹುದು, ಅಷ್ಟೇ.

ನೀರು ಬರುವುದು ಬಹುಶಃ ಗ್ಲ್ಯಾಂಡಿನಿಂದ, ಅಂದರೆ ಕೇಬಲ್ ಒಳಗೆ ಹೋಗುವ ಕಡೆ ಅದನ್ನು ಬಿಗಿಯುವ ತುಂಡಿನಿಂದ. ಕೇಬಲ್ ಮೇಲಿಂದ ನೇರ ಇಳಿದಿದೆಯಾ?

ಸಿಂಧನೂರು_ಎಲೆಕ್ಟ್ರಿಕಲ್:
ಹೌದು, ಮೇಲಿಂದಲೇ. ಸಿಂಗಲ್ ಕಂಪ್ರೆಶನ್ ಗ್ಲ್ಯಾಂಡ್ (ಕೇಬಲ್ ಅನ್ನು ಒಂದೇ ಕಡೆ ಬಿಗಿಯುವುದು), ಕೇಬಲ್‌ಗಿಂತ ಒಂದು ಸೈಜ್ ದೊಡ್ಡದು. ಸಂದಿಗೆ ಇನ್ಸುಲೇಶನ್ ಟೇಪ್ ಸುತ್ತಿದ್ದಾರೆ.

ಥರ್ಮಾಮೀಟರ್ ಕಟ್ಟಿ ನೋಡಿದೆ. ಸೂರಿನ ಕೆಳಗೆ ಮಧ್ಯಾಹ್ನ 53 ಡಿಗ್ರಿ! ಎಕ್ಸಾಸ್ಟ್ ಫ್ಯಾನ್ ಕೂಡ ಸೂರಿನ ಹತ್ತಿರವೇ ಇದೆ. ಕೆಳಗಿನ ಜಾಲಿ ಕಿಟಕಿಗಳಿಗೆ ಗಾಳಿ, ಧೂಳು ಬರುತ್ತದೆ ಅಂತ ಗೋಣಿಚೀಲ ತುರುಕಿದ್ದಾರೆ.

ಫಿಟ್ಟರ್_ಗಂಗಾವತಿ:
ಗೋಣಿಚೀಲ ಮೊದಲು ಕಿತ್ತು ಹಾಕಿ ಅಣ್ಣ. ಫ್ಯಾನ್ ಹೊರಗೆ ಹಾಕಬೇಕೆಂದರೆ ಗಾಳಿ ಒಳಗೆ ಬರಲು ದಾರಿ ಬೇಕಲ್ಲ. ಈಗ ಅದು ಸೂರಿನ ಬಿಸಿ ಗಾಳಿಯನ್ನೇ ಎಳೆಯುತ್ತಿದೆ. ಕೆಳಗೆ ಕೂತ ಆವಿ ಅಲ್ಲಾಡುವುದೇ ಇಲ್ಲ. ಫ್ಯಾನಿಗೆ ತಗಡಿನ ಡಕ್ಟ್ ಕೂರಿಸಿ ಪಂಪ್ ಗುಂಡಿಯ ತಳದವರೆಗೆ ಇಳಿಸಿ. ಡಕ್ಟಿನ ಪ್ರತಿ ಜೋಡಣೆಗೂ ಅರ್ಥಿಂಗ್ ಪಟ್ಟಿ ಹಾಕಿ, ಪ್ಲಾಸ್ಟಿಕ್ ಪೈಪ್ ಬೇಡ, ಅದರಲ್ಲಿ ಸ್ಟ್ಯಾಟಿಕ್ ಕೂಡುತ್ತದೆ. ಎಲ್ಲಾ ಬೇರೆ ಕಡೆ ಮಾಡಿಸಿ ತಂದು ಬೋಲ್ಟ್ ಹಾಕಿ, ಒಳಗೆ ವೆಲ್ಡಿಂಗ್ ಬೇಡ.

ಸೇಫ್ಟಿ_ರಾಯಚೂರು:
ಸರಿಯಾಗಿ ಹೇಳಿದಿರಿ. ಡಕ್ಟ್ ಕೂರಿಸಿದರೆ ಎಳೆಯುವ ಭಾರ ಏರುತ್ತದೆ. ಹಳೆಯ ಪ್ರೊಪೆಲ್ಲರ್ ಫ್ಯಾನಿಗೆ ಅದು ಆಗದ ಮಾತು, ಸೆಂಟ್ರಿಫ್ಯೂಗಲ್ ಬ್ಲೋವರ್ ಬೇಕಾದೀತು. ಮೋಟಾರ್ ಫ್ಲೇಮ್‌ಪ್ರೂಫ್ ಇರಲಿ, ಇಂಪೆಲ್ಲರ್ ತಾಗಿದರೂ ಕಿಡಿ ಹಾರದ ಲೋಹದ್ದಿರಲಿ. ತುಕ್ಕು ಹಿಡಿದ ಕಬ್ಬಿಣಕ್ಕೆ ಅಲ್ಯೂಮಿನಿಯಂ ಬ್ಲೇಡ್ ಉಜ್ಜಿದರೆ ಬಿಸಿ ಕಿಡಿ ಬರುತ್ತದೆ, ಅದಕ್ಕೇ ಕೇಸಿಂಗಿನ ಒಳಗೆ ಹಿತ್ತಾಳೆ ಬಳೆ ಕೂರಿಸುತ್ತಾರೆ. ಹೊರ ಹಾಕುವ ಬಾಯಿ ಬಾಯ್ಲರ್ ಕಡೆ ತಿರುಗಿರಬಾರದು. ಮತ್ತೆ ಮೂಲ ಸೋರಿಕೆ ಹುಡುಕಿ. ಪಂಪಿನ ಗ್ಲ್ಯಾಂಡ್ ಪ್ಯಾಕಿಂಗ್ (ಶಾಫ್ಟ್ ಸುತ್ತ ಸೋರಿಕೆ ತಡೆಯುವ ಹಗ್ಗ) ಹನಿಯುತ್ತಿದ್ದರೆ ಎಷ್ಟು ಫ್ಯಾನ್ ಇಟ್ಟರೂ ಅಷ್ಟೇ.

ಸಿಂಧನೂರು_ಎಲೆಕ್ಟ್ರಿಕಲ್:
ಅಪ್‌ಡೇಟ್. ಬಂಪ್ ಟೆಸ್ಟ್ ಮಾಡಿಸಿದೆವು, ಸೆನ್ಸರ್ ಸತ್ತೇ ಹೋಗಿತ್ತು. ಇದನ್ನು ಕಣ್ಣಾರೆ ನೋಡಿದ ಮೇಲೆ ಮಾಲೀಕರೇ ಎರಡು ಪಾಳಿ ನಿಲ್ಲಿಸಲು ಒಪ್ಪಿದರು. ಇನ್‌ಫ್ರಾರೆಡ್ ಡಿಟೆಕ್ಟರ್ ಗುಂಡಿಯ ಪಕ್ಕ ಕೆಳಗೆ ಹಾಕಿದ್ದೇವೆ. ಪಂಪಿನ ಪ್ಯಾಕಿಂಗ್ ಹನಿಯುತ್ತಿತ್ತು, ಮೆಕ್ಯಾನಿಕಲ್ ಸೀಲ್ ತರಿಸಿದ್ದೇವೆ. ಹೊರಗಿನ ಲೈಟುಗಳಿಗೆ ಸರಿಯಾದ ಸೈಜಿನ ಡಬಲ್ ಕಂಪ್ರೆಶನ್ ಫ್ಲೇಮ್‌ಪ್ರೂಫ್ ಗ್ಲ್ಯಾಂಡ್ ಹಾಕಿ, ಕೇಬಲ್ ಕೆಳಗೆ ಬಳುಕಿಸಿ ಒಳಗೆ ತಂದಿದ್ದೇವೆ. ಗಾಜು ಒಣಗಿದೆ. ಎಕ್ಸ್‌ಟ್ರಾಕ್ಟರ್ ಮಹಡಿಗೆ 55 ಡಿಗ್ರಿಯ ಲೈಟು ಆರ್ಡರ್ ಆಗಿದೆ, ಸೂರಿನಿಂದ ಕೆಳಗೆ, ಸ್ಟೀಮ್ ಲೈನಿನಿಂದ ದೂರ ಹಾಕುತ್ತೇವೆ. ಬ್ಲೋವರ್ ಕೊಟೇಶನ್ ಬರಬೇಕು.

ಒಂದು ಕೊನೆಯ ಪ್ರಶ್ನೆ. ಶಟ್‌ಡೌನ್‌ನಲ್ಲಿ ಎಕ್ಸ್‌ಟ್ರಾಕ್ಟರ್ ಒಳಗೆ ಇಳಿಯುವವರಿಗೆ 230 ವೋಲ್ಟಿನ ಫ್ಲೇಮ್‌ಪ್ರೂಫ್ ಹ್ಯಾಂಡ್‌ಲ್ಯಾಂಪ್ ಕೊಡಬಹುದಾ? ಸ್ಟೋರಿನಲ್ಲಿ ಒಂದಿದೆ.

ಸೇಫ್ಟಿ_ರಾಯಚೂರು:
ಬೇಡ. 2025ರವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 36ಎ ಕಲಮಿನಲ್ಲೇ ಟ್ಯಾಂಕಿನಂಥ ಜಾಗದೊಳಗೆ ಕೈದೀಪ 24 ವೋಲ್ಟ್ ಮೀರಬಾರದು, ಉರಿಯುವ ಗ್ಯಾಸ್ ಇರಬಹುದಾದ ಕಡೆ ಫ್ಲೇಮ್‌ಪ್ರೂಫ್ ಕೂಡ ಆಗಿರಬೇಕು ಅಂತ ಇತ್ತು. ಸರ್ಟಿಫೈ ಆದ ಬ್ಯಾಟರಿ ಟಾರ್ಚ್ ಒಳ್ಳೆಯದು. ಅದನ್ನು ಹೊರಗೇ ಆನ್ ಮಾಡಿ ಒಳಗೆ ಕಳಿಸಿ. ಇಳಿಯುವ ಮೊದಲು ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇಲ್ಲ ಅಂತ ಮೀಟರಿನಲ್ಲಿ ನೋಡಿ, ಮೇಲೆ ಒಬ್ಬರು ನಿಂತಿರಲಿ.